ಹಲವು ತಲೆಗಳ ಒಂದು ಲೆಕ್ಕ

ಒಬ್ಬನಿಂದ ಆಗದ ಕೆಲಸವನ್ನು ಹತ್ತು ಮಂದಿ ಕೂಡಿ ಮಾಡುವುದು ಲೋಕರೂಢಿ. ತೇರನ್ನೆಳೆಯುವಲ್ಲಿ, ಕೆರೆಯ ಹೂಳನ್ನು ತೆಗೆಯುವಲ್ಲಿ ಕೈಗಳು ಹೆಚ್ಚಿದಷ್ಟೂ ಕೆಲಸವು ಬೇಗನೆ ತೀರುವುದು. ಬುದ್ಧಿಯಿಂದ ಮಾಡತಕ್ಕ ಕೆಲಸಕ್ಕೂ, ವಿಶೇಷವಾಗಿ ಗಣಿತಕ್ಕೂ, ಈ ನ್ಯಾಯವು ಸಲ್ಲುವುದೋ ಇಲ್ಲವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಗಣಕಯಂತ್ರಗಳ ಕಾಲದಲ್ಲಿ ಈ ಪ್ರಶ್ನೆಯ ಸಲುವಾಗಿ ಅಪಾರವಾದ ದ್ರವ್ಯವೂ ಅನೇಕರ ಆಯುಷ್ಯವೂ ವ್ಯಯವಾಗಿವೆ. ಆದರೆ ಪ್ರಶ್ನೆಯು ಯಂತ್ರಗಳಿಗಿಂತಲೂ ಹಳೆಯದು. ಆದಕಾರಣ ಅವು ಇನ್ನೂ ಹುಟ್ಟದಿದ್ದ ಕಾಲದಿಂದಲೇ ಇದನ್ನು ನೋಡಿಕೊಂಡು ಬರುವುದು ಯುಕ್ತವೆಂದು ತೋರುತ್ತದೆ.

1682ರಲ್ಲಿ ಕಾಣಿಸಿದ ಧೂಮಕೇತುವು 1758ರ ಸುಮಾರಿಗೆ ಮರಳಿ ಬರುವುದೆಂದು ಹೇಳಿ, ಎಡ್ಮಂಡ್ ಹ್ಯಾಲಿ ಎಂಬ ಆಂಗ್ಲ ಜ್ಯೋತಿರ್ವಿದನು ಗತಿಸಿದ್ದನು. ಗುರು ಶನಿಗಳ ಆಕರ್ಷಣೆಯಿಂದ ಅದರ ಬರವು ಎಷ್ಟು ದಿನ ತಡವಾಗುವುದೆಂಬುದನ್ನು ನಿರ್ಣಯಿಸಲು 1757ರಲ್ಲಿ ಪ್ಯಾರಿಸ್ ನಗರದಲ್ಲಿ ಮೂವರು ಲೆಕ್ಕಕ್ಕೆ ಕುಳಿತರು. ಗಣಿತಜ್ಞನಾದ ಕ್ಲೇರೋ, ಜ್ಯೋತಿರ್ವಿದನಾದ ಲಲಾಂದ್, ರಾಜನ ಗಡಿಯಾರಗಾರನ ಪತ್ನಿಯಾದ ನಿಕೋಲ್-ರೇನ್ ಲೆಪೋತ್, ಈ ಮೂವರೇ ಅವರು. ಸುಮಾರು 150 ವರ್ಷಗಳ ಗ್ರಹಗತಿಯನ್ನು ಅಂಶ ಅಂಶವಾಗಿ ಗಣಿಸಬೇಕಾಗಿತ್ತು. ಬೆಳಗಿನಿಂದ ಸಂಜೆಯವರೆಗೆ, ಕೆಲವು ವೇಳೆ ಊಟದ ಹೊತ್ತಿನಲ್ಲಿಯೂ ಬಿಡದೆ ಆರು ತಿಂಗಳು ಲೆಕ್ಕ ಮಾಡಿದೆವೆಂದೂ, ಆ ಶ್ರಮದಿಂದ ತನ್ನ ದೇಹಸ್ಥಿತಿಯೇ ಕೆಟ್ಟಿತೆಂದೂ ಲಲಾಂದನು ಬರೆದಿದ್ದಾನೆ. ತಡವು 618 ದಿನವೆಂದು ಬಂದಿತು. ಗುರುವಿನಿಂದ 518, ಶನಿಯಿಂದ 100. 1758ರ ನವೆಂಬರಿನಲ್ಲಿ ಕ್ಲೇರೋ ಪಂಡಿತಸಭೆಯ ಮುಂದೆ ನಿಂತು, ಧೂಮಕೇತುವು ಮುಂದಿನ ಏಪ್ರಿಲ್ ಮಧ್ಯದ ಹೊತ್ತಿಗೆ, ಒಂದು ತಿಂಗಳು ಹೆಚ್ಚುಕಡಮೆಯಾಗಿ, ಸೂರ್ಯನ ಸಮೀಪಕ್ಕೆ ಬರುವುದೆಂದು ಸಾರಿದನು. ಅದು 1759ರ ಮಾರ್ಚ್ 13ರಂದು ಬಂದಿತು. ಕ್ಲೇರೋ ಬಳಿಕ ಪ್ರಕಟಿಸಿದ ಗ್ರಂಥದಲ್ಲಿ ಲೆಪೋತಳ ಹೆಸರನ್ನು ಕೈಬಿಟ್ಟನು. ಆಕೆಯಿಲ್ಲದಿದ್ದರೆ ಈ ಕಾರ್ಯಕ್ಕೆ ಕೈಹಾಕುವ ಧೈರ್ಯವೇ ತಮಗಾಗುತ್ತಿರಲಿಲ್ಲವೆಂಬ ಅಭಿಪ್ರಾಯವನ್ನು ಲಲಾಂದನು ಬರೆದಿಡದೆ ಇದ್ದಿದ್ದರೆ ಆ ಹೆಸರು ನಮ್ಮವರೆಗೆ ಬರುತ್ತಿತ್ತೋ ಇಲ್ಲವೋ.

ಮೂವರ ಕೂಟವು ಒಂದು ಮೇಜಿನ ಸುತ್ತ ನಡೆಯಬಲ್ಲುದು. ಎಂಬತ್ತು ಮಂದಿಯಾದರೆ? ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ, ಲಂಬಕೋನವನ್ನು ನೂರು ಭಾಗ ಮಾಡುವ ಹೊಸ ಮಾನಕ್ಕೆ ಅನುಸಾರವಾಗಿ ಲಾಗರಿತಮ್ ಕೋಷ್ಟಕಗಳನ್ನು ರಚಿಸಬೇಕೆಂದು ಸರಕಾರವು ದ ಪ್ರೋನಿ ಎಂಬ ಶಿಲ್ಪವಿದ್ಯಾಧಿಕಾರಿಗೆ ಆಜ್ಞಾಪಿಸಿತು. ಗುಂಡುಸೂಜಿಯ ಕಾರ್ಖಾನೆಯಲ್ಲಿ ಕೆಲಸವನ್ನು ಹೇಗೆ ಹಂಚಿಕೊಳ್ಳುವರೆಂಬುದನ್ನು ಆತನು ಆಡಮ್ ಸ್ಮಿತ್ತನ ಅರ್ಥಶಾಸ್ತ್ರದಲ್ಲಿ ಓದಿ, ಆ ಕ್ರಮವನ್ನೇ ಗಣಿತಕ್ಕೆ ಅನ್ವಯಿಸಿದನು. ಮೊದಲನೆಯ ಪಂಕ್ತಿಯಲ್ಲಿ ಐದಾರು ಮಂದಿ ಮಹಾಗಣಿತಜ್ಞರು ಸೂತ್ರಗಳನ್ನು ಆರಿಸಿದರು. ಎರಡನೆಯದರಲ್ಲಿ ಏಳೆಂಟು ಮಂದಿ ಆ ಸೂತ್ರಗಳನ್ನು ಅಂಕಿಗಳಿಗೆ ಇಳಿಸಿದರು. ಮೂರನೆಯದರಲ್ಲಿ ಅರುವತ್ತರಿಂದ ಎಂಬತ್ತು ಮಂದಿ. ಅವರಿಗೆ ಕೂಡಿಸುವುದು ಕಳೆಯುವುದು ಮಾತ್ರ ತಿಳಿದಿದ್ದರೆ ಸಾಕಾಗಿತ್ತು. ಸರದಾರರ ತಲೆಗಳ ಸಂಗಡ ತಮ್ಮ ಜೀವನೋಪಾಯವನ್ನೂ ಕಳೆದುಕೊಂಡ ಕ್ಷೌರಿಕರು ಅವರಲ್ಲಿ ಹಲವರಿದ್ದರೆಂದು ಪ್ರತೀತಿ. ಈ ಎಂಬತ್ತು ಮಂದಿ ಒಬ್ಬರೊಡನೊಬ್ಬರು ಮಾತಾಡಬೇಕಾದ ಅಗತ್ಯವೇ ಇರಲಿಲ್ಲ. ಒಬ್ಬನ ಹಾಳೆಯಲ್ಲಿ ತಪ್ಪು ಬಿದ್ದರೆ ಆ ಹಾಳೆ ಮಾತ್ರ ಕೆಡುವುದು. ಬೇರೆಯಾಗಿ ಮಾಡಿದ ಇನ್ನೊಂದು ಪ್ರತಿಯೊಡನೆ ತಾಳೆ ನೋಡಿದರೆ ತಪ್ಪು ಸಿಕ್ಕುವುದು. ತಲೆ ಹೆಚ್ಚಿದಷ್ಟೂ ಲೆಕ್ಕವು ಬೇಗನೆ ತೀರಿತು. ಹೂಳೆತ್ತುವ ನ್ಯಾಯವು ಇಲ್ಲಿ ಸಂಪೂರ್ಣವಾಗಿ ಸಂದಿತು.

ಆಂಗ್ಲನಾದ ಬ್ಯಾಬೇಜನು ಈ ವೃತ್ತಾಂತವನ್ನು ಗ್ರಹಿಸಿ, ಮೂರನೆಯ ಪಂಕ್ತಿಯವರ ಕೆಲಸವನ್ನು ಹಲ್ಲುಚಕ್ರಗಳಿಂದಲೇ ಮಾಡಿಸಬಹುದೆಂದು 1822ರಲ್ಲಿ ವಾದಿಸಿದನು. ಆತನ ಯಂತ್ರವು ಆತನ ಕಾಲದಲ್ಲಿ ಪೂರ್ಣವಾಗಲಿಲ್ಲ. ಶತಮಾನಕ್ಕಿಂತ ಹೆಚ್ಚು ಕಾಲ ಕಳೆದ ಮೇಲೆ, 1946ರ ಫೆಬ್ರವರಿಯಲ್ಲಿ, ಅಮೆರಿಕದ ಫಿಲಡೆಲ್ಫಿಯದಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳ ಎನಿಯಾಕ್ ಎಂಬ ವಿದ್ಯುದ್ಗಣಕವನ್ನು ಜನರಿಗೆ ತೋರಿಸಿದರು. ಅದಕ್ಕೆ ಲೆಕ್ಕದ ಕ್ರಮವನ್ನು ಕಲಿಸಿದವರು ಆರು ಮಂದಿ ಯುವತಿಯರು; ಆ ದಿನದ ಉತ್ಸವದಲ್ಲಿ ಅವರ ಪರಿಚಯವನ್ನು ಯಾರೂ ಮಾಡಿಕೊಡಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಮುಂದುವರಿಯಲು ಮನಸ್ಸೊಪ್ಪದು. ಅದಿರಲಿ. ಕೂಡಿಸುವ ಕಳೆಯುವ ಪಂಕ್ತಿಯ ಸ್ಥಾನಕ್ಕೆ ಯಂತ್ರವು ಬಂದ ಮೇಲೆ ಮನುಷ್ಯರಿಗೆ ಉಳಿದ ಕೆಲಸವು, ಯಂತ್ರವು ಏನನ್ನು ಯಾವ ಕ್ರಮದಲ್ಲಿ ಮಾಡತಕ್ಕದ್ದೆಂದು ವಿಧಿಸುವುದು. ಈ ವಿಧಿಸಮುದಾಯಕ್ಕೆ ಈಗ ತಂತ್ರಾಂಶವೆಂದು ಹೆಸರು. ಇದನ್ನು ಹಂಚುವುದು ಸುಲಭವಲ್ಲ. ಕೋಷ್ಟಕದ ಒಂದು ಹಾಳೆಗೂ ಇನ್ನೊಂದು ಹಾಳೆಗೂ ಸಂಬಂಧವಿಲ್ಲ. ತಂತ್ರಾಂಶದಲ್ಲಾದರೋ ಒಬ್ಬನು ಬರೆದ ವಿಧಿಯು ಮತ್ತೊಬ್ಬನ ವಿಧಿಯನ್ನು ಕರೆಯುವುದು, ಮೂರನೆಯವನು ಇಟ್ಟದ್ದನ್ನು ನಾಲ್ಕನೆಯವನು ತೆಗೆದುಕೊಳ್ಳುವನು.

ಈ ಭೇದವು ಎಷ್ಟು ದುಬಾರಿಯೆಂಬುದು ಐಬಿಎಂ ಸಂಸ್ಥೆಗೆ ಅನುಭವದಿಂದ ತಿಳಿಯಿತು. 1964ರ ಏಪ್ರಿಲ್ 7ರಂದು ಆ ಸಂಸ್ಥೆಯು 360 ಎಂಬ ಗಣಕಗಳ ಕುಲವನ್ನು ಪ್ರಕಟಿಸಿ, ಅವುಗಳ ಆಡಳಿತವನ್ನೆಲ್ಲ ನಡೆಸತಕ್ಕ ಒಂದು ಮಹಾ ತಂತ್ರಾಂಶವನ್ನು ಬರೆಯಿಸಲು ತೊಡಗಿತು. ಒಂದು ಸಮಯದಲ್ಲಿ ಸಾವಿರಕ್ಕೂ ಹೆಚ್ಚು ಜನರು ಅದರಲ್ಲಿ ದುಡಿಯುತ್ತಿದ್ದರು. ಕಾರ್ಯದ ಮುಖ್ಯಸ್ಥರಾಗಿದ್ದ ಫ್ರೆಡರಿಕ್ ಬ್ರೂಕ್ಸ್ ಎಂಬವರು 1975ರಲ್ಲಿ ಒಂದು ಪುಸ್ತಕವನ್ನು ಬರೆದು, ಅದು ತಡವಾಗಿ ಮುಗಿಯಿತೆಂದೂ, ವೆಚ್ಚವು ಅಂದಾಜಿನ ಹಲವು ಪಟ್ಟಾಯಿತೆಂದೂ, ಮೊದಮೊದಲು ಚೆನ್ನಾಗಿ ನಡೆಯಲಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಅಧಿಕಾರದಲ್ಲಿದ್ದವರು ಹೀಗೆ ಬರೆಯುವುದು ವಿರಳ.

ಅವರು ಹೇಳುವ ಒಂದು ಪ್ರಸಂಗವು ಮನನಯೋಗ್ಯವಾಗಿದೆ. ತಂತ್ರಾಂಶದ ಬಾಹ್ಯಲಕ್ಷಣಗಳನ್ನೆಲ್ಲ ಮೊದಲು ಬರೆದು ನಿಶ್ಚಯಿಸಬೇಕಾಗಿತ್ತು. ಹತ್ತು ಮಂದಿ ಸಮರ್ಥರು ಅದನ್ನು ಹತ್ತು ತಿಂಗಳಲ್ಲಿ ಸರಿಯಾಗಿ ಮಾಡುವೆವೆಂದರು. ಗೊತ್ತುಮಾಡಿದ್ದ ಅವಧಿಗಿಂತ ಇದು ಮೂರು ತಿಂಗಳು ಹೆಚ್ಚು. ಇನ್ನೊಬ್ಬ ಅಧಿಕಾರಿಯ ಕೈಕೆಳಗೆ 150 ಮಂದಿ ಇದ್ದರು. ಅವರು ಸೇರಿದರೆ ಅವಧಿಯೊಳಗೇ ಆಗುವುದು, ಇಲ್ಲದಿದ್ದರೆ ಅಷ್ಟು ಮಂದಿಯೂ ಸುಮ್ಮನೆ ಕುಳಿತಿರಬೇಕಾಗುವುದು ಎಂದು ಆತನ ವಾದ. ಬ್ರೂಕ್ಸ್ ಅವರು 150 ಮಂದಿಯ ಪಕ್ಷವನ್ನು ಹಿಡಿದರು. ಅದೂ ಮೂರು ತಿಂಗಳು ತಡವಾಗಿಯೇ ಮುಗಿಯಿತು, ಗುಣದಲ್ಲಿ ಹೀನವಾಯಿತು, ಏಕಸೂತ್ರತೆಯಿಲ್ಲದೆ ಹೋದುದರಿಂದ ತಪ್ಪುಗಳನ್ನು ತಿದ್ದುವುದಕ್ಕೆ ಒಂದು ವರ್ಷ ಹೆಚ್ಚಾಗಿ ಹಿಡಿಯಿತೆಂದು ಅವರ ಅಂದಾಜು.

ಕಾರಣವನ್ನು ಅವರು ಲೆಕ್ಕದಿಂದಲೇ ತೋರಿಸಿದರು. ಪ್ರತಿಯೊಬ್ಬನೂ ಉಳಿದ ಪ್ರತಿಯೊಬ್ಬನೊಡನೆ ಸಮಾಲೋಚಿಸಬೇಕಾದ ಕೆಲಸದಲ್ಲಿ ಐವರಿಗೆ ಹತ್ತು ಜೋಡಿಗಳಾದರೆ ಹತ್ತು ಮಂದಿಗೆ 45, ನೂರು ಮಂದಿಗೆ 4,950. ಕೈಗಳು ಒಂದೊಂದಾಗಿ ಹೆಚ್ಚಿದರೆ ಮಾತು ವರ್ಗವಾಗಿ ಹೆಚ್ಚುವುದು. ಹೊಸಬನು ಬಂದರೆ ಅವನಿಗೆ ಕಲಿಸಲು ಹಳಬನ ಕೆಲಸವೂ ನಿಲ್ಲುವುದು. ಆದುದರಿಂದ ತಡವಾಗಿರುವ ತಂತ್ರಾಂಶಕ್ಕೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುವುದೆಂದು ಅವರ ಸಿದ್ಧಾಂತ. ಅದಕ್ಕೆ ಅವರ ಹೆಸರೇ ನಿಂತಿದೆ.

ಹಾಗಾದರೆ ಪ್ರತಿಯೊಬ್ಬನಿಗೂ ಉಳಿದವರ ಕೆಲಸವು ಎಷ್ಟು ತಿಳಿದಿರಬೇಕು? ವಿಷಯದ ಮರ್ಮವು ಇಲ್ಲಿದೆ. ಎಲ್ಲರಿಗೂ ಎಲ್ಲವೂ ತಿಳಿದಿರಬೇಕೆಂದು ಬ್ರೂಕ್ಸ್ ಅವರ ಮೊದಲಿನ ಮತ. ಅದರಂತೆ ಒಂದು ಮಹಾ ಕಡತವನ್ನು ಇಟ್ಟು, ಪ್ರತಿಗಳನ್ನು ಎಲ್ಲರಿಗೂ ಹಂಚಿದರು. ಆರು ತಿಂಗಳಲ್ಲಿ ಒಂದೊಂದು ಪ್ರತಿಯೂ ಐದು ಅಡಿ ದಪ್ಪವಾಯಿತು. ದಿನಂಪ್ರತಿ ಸುಮಾರು 150 ಪುಟಗಳ ತಿದ್ದುಪಡಿ ಬರುತ್ತಿತ್ತು. ಅವುಗಳನ್ನು ಅಲ್ಲಲ್ಲಿ ಸೇರಿಸುವುದರಲ್ಲಿಯೇ ದಿನದ ಒಳ್ಳೆಯ ಭಾಗವು ಕಳೆಯುತ್ತಿತ್ತು. ಕಡೆಗೆ ಕಾಗದವನ್ನು ಬಿಟ್ಟು ಸೂಕ್ಷ್ಮಚಿತ್ರದ ಹಾಳೆಗಳನ್ನು ಅವಲಂಬಿಸಬೇಕಾಯಿತು.

ಇದಕ್ಕೆ ಪ್ರತಿಯಾದ ಮತವನ್ನು 1972ರಲ್ಲಿ ಡೇವಿಡ್ ಪಾರ್ನಸ್ ಎಂಬ ವಿದ್ವಾಂಸರು ಮಂಡಿಸಿದರು. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಣಯವನ್ನೂ ಒಂದೊಂದು ಭಾಗದೊಳಗೆ ಅಡಗಿಸಿಡಬೇಕು. ಒಂದು ಭಾಗವು ಏನನ್ನು ಮಾಡಿಕೊಡುವುದೆಂಬುದು ಮಾತ್ರ ಹೊರಗಿನವರಿಗೆ ತಿಳಿಯಬೇಕು, ಹೇಗೆ ಮಾಡುವುದೆಂಬುದು ತಿಳಿಯಕೂಡದು ಎಂದು ಅವರ ವಾದದ ಸಾರ. ವ್ಯಾಕರಣವನ್ನು ಓದಿದವರಿಗೆ ಈ ಉಪಾಯವು ಅಪರಿಚಿತವೆನಿಸದು. ಅಷ್ಟಾಧ್ಯಾಯಿಯ ಕಡೆಯ ಮೂರು ಪಾದಗಳ ಸೂತ್ರಗಳು ಮಾಡಿದ ಕಾರ್ಯವು ಹಿಂದಿನ ಏಳೂಕಾಲು ಅಧ್ಯಾಯಗಳ ಪಾಲಿಗೆ ಅಸಿದ್ಧ, ಎಂದರೆ ನಡೆಯದಿದ್ದಂತೆಯೇ. ಹಿಂದಿನ ಸೂತ್ರವು ಅದನ್ನು ಕಾಣಕೂಡದು. ಕಂಡರೆ ಪ್ರಕ್ರಿಯೆಯೇ ಕೆಡುವುದು. ಅಲ್ಲಿ ಹೀಗೆ ವ್ಯವಸ್ಥೆ ಮಾಡಿದವನು ಒಬ್ಬನೇ ಸೂತ್ರಕಾರ. ಇಲ್ಲಿ ಭಾಗಭಾಗಕ್ಕೂ ಬೇರೆ ಬೇರೆ ಕರ್ತೃಗಳು. ಈ ಭೇದವಿದ್ದರೂ, ಏನನ್ನು ಕಾಣಬಾರದೆಂಬ ವಿಧಿಯೂ ರಚನೆಯ ಅಂಗವೇ ಎಂಬ ತತ್ತ್ವವು ಎರಡೆಡೆಯಲ್ಲಿಯೂ ಒಂದೇ. 1975ರ ಪುಸ್ತಕದಲ್ಲಿ ಬ್ರೂಕ್ಸ್ ಅವರು ಪಾರ್ನಸ್ ಅವರ ಮತವನ್ನು ಅನರ್ಥಕಾರಿಯೆಂದು ತಳ್ಳಿಹಾಕಿದ್ದರು. ಇಪ್ಪತ್ತು ವರ್ಷಗಳ ತರುವಾಯ, 1995ರ ಆವೃತ್ತಿಯಲ್ಲಿ, ಪಾರ್ನಸ್ ಅವರೇ ಸರಿ, ತಾವು ತಪ್ಪಿದೆವೆಂದು ಅಚ್ಚುಹಾಕಿಸಿದರು. ನಮ್ಮ ಶಾಸ್ತ್ರಾರ್ಥಸಭೆಗಳಲ್ಲಿ ಇಂಥ ಔದಾರ್ಯವು ಇನ್ನೂ ಹೆಚ್ಚಾಗಿ ಕಾಣಸಿಕ್ಕಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಬ್ರೂಕ್ಸ್ ಸಿದ್ಧಾಂತಕ್ಕೆ ಅಪವಾದವೋ ಎಂಬಂತೆ ಮತ್ತೊಂದು ಕಾರ್ಯವು ಬೆಳೆಯುತ್ತಿತ್ತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು 1991ರಲ್ಲಿ ಗಣಕಗಳ ಆಡಳಿತಕ್ಕೆ ತಕ್ಕ ತಂತ್ರಾಂಶವೊಂದನ್ನು ಬರೆದು, ಯಾರು ಬೇಕಾದರೂ ಓದಿ ತಿದ್ದಬಹುದೆಂದು ಬಿಟ್ಟುಕೊಟ್ಟನು. ಲಿನಕ್ಸ್ ಎಂದು ಹೆಸರಾದ ಇದು ಈಗ ಕೋಟಿಗಟ್ಟಲೆ ಸಾಲುಗಳಿಗೆ ಬೆಳೆದಿದೆ. ಎರಡು ತಿಂಗಳಿಗೊಮ್ಮೆ ಎಂಬಂತೆ ಹೊಸ ಆವೃತ್ತಿಯು ಹೊರಡುತ್ತದೆ; ಒಂದೊಂದಕ್ಕೂ ಸಾವಿರಕ್ಕೆ ಮೀರಿದ ಜನರು ತಿದ್ದುಪಡಿಗಳನ್ನು ಒಪ್ಪಿಸುತ್ತಾರೆ. ಅವರಲ್ಲಿ ಬಹುಮಂದಿ ಪರಸ್ಪರ ಮುಖ ಕಂಡವರಲ್ಲ. ಬ್ರೂಕ್ಸ್ ಅವರ ಲೆಕ್ಕವು ಇಲ್ಲಿ ಸುಳ್ಳಾಯಿತೆಂದು ಕೆಲವರು ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ಲಿನಕ್ಸಿನ ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತೆರೆ, ಜಾಲದ ಪಟ್ಟಿಕೆ ಮುಂತಾದ ಒಂದೊಂದು ಉಪಕರಣವನ್ನು ನಡೆಸುವ ವಿಧಿಗಳು. ಒಂದನ್ನು ಬರೆಯುವವನು ಇನ್ನೊಂದನ್ನು ಬರೆಯುವವನೊಡನೆ ಮಾತಾಡಬೇಕಾಗಿಲ್ಲ. ದ ಪ್ರೋನಿಯ ಮೂರನೆಯ ಪಂಕ್ತಿಯೇ, ಬಲು ಹೆಚ್ಚಿನ ವಿದ್ಯೆಯೊಡನೆ, ಇಲ್ಲಿ ಮರಳಿ ಬಂದಿದೆ. ಒಳತಿರುಳಾದ ಭಾಗಗಳಿಗೆ ಒಬ್ಬೊಬ್ಬ ಪಾಲಕನಿದ್ದಾನೆ. ಪಾಲಕರು ಪರೀಕ್ಷಿಸಿ ಆರಿಸಿದ್ದು ಮಾತ್ರ ಟೋರ್ವಾಲ್ಡ್ಸ್ ಬಳಿಗೆ ಹೋಗುತ್ತದೆ. ಸಾವಿರ ಮಂದಿ ಕೂಡಿದ್ದಾರೆಂಬುದು ನಿಜ. ಆದರೆ ಕೂಡಿ ಮಾತಾಡುವ ಗುಂಪುಗಳು ಚಿಕ್ಕವೇ.

ಇಷ್ಟು ಜನರ ತಿದ್ದುಪಡಿಗಳನ್ನು ಕಲಸುಮೇಲೋಗರವಾಗದಂತೆ ಕೂಡಿಸಲು ಗಿಟ್ ಎಂಬ ಸಾಧನವನ್ನು ಟೋರ್ವಾಲ್ಡ್ಸ್ 2005ರ ಏಪ್ರಿಲಿನಲ್ಲಿ ಕೆಲವೇ ದಿನಗಳಲ್ಲಿ ರಚಿಸಿದನು. ಅದರಲ್ಲಿ ಪ್ರತಿಯೊಬ್ಬನ ಬಳಿಯಲ್ಲಿಯೂ ಇಡೀ ಗ್ರಂಥವೂ ಅದರ ಪೂರ್ವಚರಿತ್ರೆಯೂ ಇರುವುವು. ಐದು ಅಡಿಯ ಕಡತದಂತೆ ದಿನವೂ ಕೈಯಿಂದ ಹಾಳೆಗಳನ್ನು ಸೇರಿಸುವ ಕಾಟವಿಲ್ಲ. ಒಂದೊಂದು ತಿದ್ದುಪಡಿಗೂ ಅದನ್ನು ಬರೆದವನ ಹೆಸರು ಒಂದು ಕಡೆ, ಗ್ರಂಥಕ್ಕೆ ಸೇರಿಸಿದವನ ಹೆಸರು ಬೇರೊಂದು ಕಡೆ, ದಿನಾಂಕ ಸಮೇತವಾಗಿ ದಾಖಲಾಗುತ್ತವೆ. ಲಿನಕ್ಸಿನಲ್ಲಿ 2004ರಿಂದ, ತಿದ್ದುಪಡಿಯು ಯಾರ ಯಾರ ಕೈಯಿಂದ ಹಾಯ್ದು ಬಂದಿತೋ ಅವರೆಲ್ಲರೂ ಅದರ ಅಡಿಯಲ್ಲಿ ಒಬ್ಬರ ಕೆಳಗೊಬ್ಬರಂತೆ ರುಜು ಹಾಕುವ ಪದ್ಧತಿಯೂ ನಡೆದುಬಂದಿದೆ. ಬಳಿಕ ಯಾರಾದರೂ ಒಂದು ಹೆಸರನ್ನು ಅಳಿಸಿದರೆ ಅಲ್ಲಿಂದ ಮುಂದಿನ ಮುದ್ರಾಂಕಗಳೆಲ್ಲ ಬದಲಾಗಿ, ಅಳಿಸಿದ್ದು ಪ್ರತಿಯನ್ನು ಇಟ್ಟುಕೊಂಡ ಎಲ್ಲರಿಗೂ ಗೊತ್ತಾಗುವುದು.