ಕತ್ತಲೆಯನ್ನು ಹುಡುಕಿ ಹೊರಟ ವೀಕ್ಷಣಾಲಯ

ಚರಿತ್ರೆಯೆಂದರೆ ಅರಸರ ಏಳುಬೀಳುಗಳಷ್ಟೇ ಅಲ್ಲ; ಜನರು ತಲೆಯೆತ್ತಿ ನೋಡಿದ ಆಕಾಶಕ್ಕೂ ಒಂದು ಚರಿತ್ರೆಯುಂಟು. ಅದು ನಮಗೆ ದೂರದ್ದಲ್ಲ. 1956ರವರೆಗೆ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದು, ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ರಾಜ್ಯದ ರಾಜಧಾನಿಯಲ್ಲಿಯೇ ನಿಜಾಮಿಯಾ ವೀಕ್ಷಣಾಲಯವು ಹುಟ್ಟಿತು.

1901ರಲ್ಲಿ ನವಾಬ ಜಫರ್ ಜಂಗರು 15 ಅಂಗುಲದ ದೂರದರ್ಶಕವನ್ನು ತರಿಸಿ ಫಿಸಲ್‌ಬಂಡಾದಲ್ಲಿ ಇದಕ್ಕೆ ಅಸ್ತಿಭಾರ ಹಾಕಿದರು. 1908ರಲ್ಲಿ ಅದು ನಿಜಾಮ ಸರಕಾರದ ವಶಕ್ಕೆ ಬಂದು, ತರುವಾಯ ಬೇಗಂಪೇಟೆಯಲ್ಲಿ ನೆಲೆನಿಂತಿತು; 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಅಧೀನವಾಯಿತು. ಸಮಸ್ತ ಆಕಾಶದ ನಕ್ಷೆಯನ್ನು ಛಾಯಾಚಿತ್ರಗಳಿಂದ ರಚಿಸಬೇಕೆಂದು 1887ರಲ್ಲಿ ಪ್ಯಾರಿಸಿನ ಸಮ್ಮೇಳನವು ನಿಶ್ಚಯಿಸಿತ್ತು. ಅದರಲ್ಲಿ ವಿಷುವದ್ವೃತ್ತದ ದಕ್ಷಿಣಕ್ಕೆ 17ರಿಂದ 23 ಅಂಶಗಳವರೆಗಿನ ಭಾಗವು ಹೈದರಾಬಾದಿನ ಪಾಲಿಗೆ ಬಂದಿತು. ಮುಂದೆ ಉತ್ತರದ ಒಂದು ಭಾಗವೂ ಸೇರಿತು. ಬರಿಗಣ್ಣಿಗೆ ಆರನೆಯ ದರ್ಜೆಯ ನಕ್ಷತ್ರವೇ ಕಡೆಯದು. ಈ ಕಾರ್ಯಕ್ಕೆ ಹನ್ನೊಂದನೆಯ ದರ್ಜೆಯ ನಕ್ಷತ್ರಗಳೂ ಬೇಕಾಗಿದ್ದವು. ಇಲ್ಲಿನವರು ದಶಕಗಳ ಕಾಲ ದುಡಿದು 7 ಲಕ್ಷಕ್ಕೂ ಮೀರಿದ ನಕ್ಷತ್ರಗಳ ಸ್ಥಾನಗಳನ್ನು ಅಳೆದರು.

ಇಂತಹ ಕೆಲಸಕ್ಕೆ ಕತ್ತಲೆಯೇ ಬಂಡವಾಳ. ಮೇಲಕ್ಕೆ ಹರಿದ ದೀಪದ ಬೆಳಕು ಗಾಳಿಯ ಅಣುಗಳಿಂದಲೂ ಧೂಳಿನಿಂದಲೂ ಚದರಿ ಆಕಾಶವನ್ನೇ ಬೆಳಗಿಸುತ್ತದೆ. ನಕ್ಷತ್ರವು ನಂದುವುದಿಲ್ಲ; ಆದರೆ ಹಿನ್ನೆಲೆಯು ಬೆಳಗಿದುದರಿಂದ ನಮ್ಮ ಕಣ್ಣಿಗೆ ಕಾಣದಾಗುತ್ತದೆ. ಹೈದರಾಬಾದು ಬೆಳೆದಂತೆ ಬೇಗಂಪೇಟೆಯ ಇರುಳು ತಿಳಿಯಾಗಿ ಉಳಿಯಲಿಲ್ಲ. ವಿಶ್ವವಿದ್ಯಾಲಯವು ಸುಮಾರು 55 ಕಿಲೋಮೀಟರು ಆಚೆಗೆ, ಜಪಾಲ್-ರಂಗಾಪುರಗಳ ಬಳಿ, 1968ರಲ್ಲಿ 48 ಅಂಗುಲದ ದೂರದರ್ಶಕವನ್ನು ನಿಲ್ಲಿಸಿತು. 1980ರ ಫೆಬ್ರುವರಿ 16ರಂದು ಕರ್ನಾಟಕವನ್ನು ಹಾದುಬಂದ ಪೂರ್ಣ ಸೂರ್ಯಗ್ರಹಣವನ್ನು ವಿಜ್ಞಾನಿಗಳು ಅಲ್ಲಿಂದ ಅಭ್ಯಸಿಸಿದರು. ಆದರೆ ನಗರದ ಬೆಳಕು ಅಲ್ಲಿಗೂ ಬೆನ್ನಟ್ಟಿ ಬಂದಿತು.

ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಕತ್ತಲೆಗಾಗಿ ಲಡಾಖಿನ ಹಾನ್ಲೆಯವರೆಗೆ ಹೋಗಿದೆ. 4,500 ಮೀಟರು ಎತ್ತರದ ಆ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ! 2022ರಲ್ಲಿ ಹಾನ್ಲೆಯ ಸುತ್ತಣ ಪ್ರದೇಶವನ್ನು ಕತ್ತಲ ಆಕಾಶದ ರಕ್ಷಿತ ಪ್ರದೇಶವೆಂದು ಸಾರಲಾಯಿತು. ಲೋಕದ ಮೂರನೆಯ ಒಂದು ಪಾಲು ಜನರಿಗೆ ತಮ್ಮ ಮನೆಯ ಬಳಿಯಿಂದ ಆಕಾಶಗಂಗೆಯೇ ಕಾಣದೆಂದು 2016ರ ಒಂದು ಅಧ್ಯಯನವು ತಿಳಿಸಿದೆ.

ವಿಜ್ಞಾನಿಗಳು ದೂರದರ್ಶಕವನ್ನು ಬೆಟ್ಟಕ್ಕೆ ಒಯ್ಯಬಲ್ಲರು; ನಾವು ನಮ್ಮ ಶಾಲೆಗಳನ್ನು ಒಯ್ಯಲಾರೆವು. ದೀಪಗಳೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ದೀಪಕ್ಕೆ ಮರೆಯಿಟ್ಟು ಬೆಳಕನ್ನು ನೆಲಕ್ಕೆ ತಿರುಗಿಸಿದರೆ ದಾರಿಯೂ ಕಾಣುವುದು, ನಕ್ಷತ್ರವೂ ಉಳಿಯುವುದು. ಉಪಾಧ್ಯಾಯರು ಮಾರ್ಗಶಿರದ ಅಮಾವಾಸ್ಯೆಯಂದು ಮಕ್ಕಳನ್ನು ಊರ ಹೊರಗೆ ನಿಲ್ಲಿಸಿ, ಕೃತ್ತಿಕೆಯಲ್ಲಿ ಎಷ್ಟು ಚುಕ್ಕೆಗಳಿವೆಯೆಂದು ಎಣಿಸಲು ಹೇಳಲಿ. ಮರುದಿನ ಪೇಟೆಯ ನಡುವೆ ನಿಂತು ಅದನ್ನೇ ಎಣಿಸಲಿ. ಆ ಎರಡು ಸಂಖ್ಯೆಗಳನ್ನು ವರ್ಷವರ್ಷವೂ ಬರೆದಿಟ್ಟರೆ, ನಮ್ಮೂರ ಆಕಾಶದ ಚರಿತ್ರೆಯು ನಮ್ಮ ಮಕ್ಕಳ ಕೈಯಿಂದಲೇ ಲಿಖಿತವಾಗುವುದು.