ಕಡಬ ಪರಿಸರದ ಬೇಸಾಯದಲ್ಲಿ ‘ಕಳೆ’ಯ ಪರಿಕಲ್ಪನೆ

ತುಳುನಾಡಿನ ಬೇಸಾಯ ಸಂಸ್ಕೃತಿಯ ಅಧ್ಯಯನಗಳಲ್ಲಿ ನಾಟಿಯ ಹಾಡುಗಳಿಗೂ ಕಂಬಳಕ್ಕೂ ದೊರೆತ ಗಮನ ಕಳೆ ಕೀಳುವ ಕೆಲಸಕ್ಕೆ ದೊರೆತಿಲ್ಲ. ನಾಟಿಗೂ ಕೊಯ್ಲಿಗೂ ನಡುವಿನ ಈ ದುಡಿಮೆ ಬಹುಮಟ್ಟಿಗೆ ಹೆಂಗಸರದು. ಪುತ್ತೂರು, ಸುಳ್ಯ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ರಚಿತವಾದ ಕಡಬ ತಾಲ್ಲೂಕಿನ ಪರಿಸರವನ್ನು ಮುಂದಿಟ್ಟುಕೊಂಡು, ಆ ದುಡಿಮೆಯ ಹಿಂದಿರುವ ತಿಳಿವಳಿಕೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1801ರಲ್ಲಿ ತುಳುನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗದ್ದೆಗಳ ಬೈಲು, ಮಜಲು, ಬೆಟ್ಟು ಎಂಬ ವಿಂಗಡಣೆಯನ್ನು ದಾಖಲಿಸಿದ್ದಾನೆ. ಇದು ನೀರಿನ ಲೆಕ್ಕ. ಆದ್ದರಿಂದಲೇ ಕಳೆಯ ಲೆಕ್ಕವೂ ಹೌದು. ನೀರು ನಿಂತ ಬೈಲಿನಲ್ಲಿ ಹುಲ್ಲಿನ ಬೀಜ ಮೊಳೆಯುವುದು ಕಡಿಮೆ. ಮಳೆಯನ್ನೇ ನಂಬಿದ ಬೆಟ್ಟುಗದ್ದೆಯಲ್ಲಿ ನೀರು ಇಂಗಿದೊಡನೆ ಹುಲ್ಲು ತಲೆಯೆತ್ತುತ್ತದೆ. ಊದಲು ಜಾತಿಯ ಹುಲ್ಲಂತೂ ಎಳೆಯದಾಗಿದ್ದಾಗ ಭತ್ತದಂತೆಯೇ ಕಾಣುತ್ತದೆ. ಎಲೆ ಕಾಂಡವನ್ನು ಸೇರುವೆಡೆ ಭತ್ತಕ್ಕೆ ನಾಲಗೆಯಂಥ ತೆಳುಪೊರೆಯಿದೆ, ಈ ಹುಲ್ಲಿಗಿಲ್ಲ. ಸಸ್ಯಶಾಸ್ತ್ರ ಹೇಳುವ ಈ ಭೇದವನ್ನು ಬಗ್ಗಿದ ಬೆನ್ನಿನ ಕೆಲಸಗಾರ್ತಿ ನೋಟದಿಂದಲೂ ಬೆರಳಿನಿಂದಲೂ ತಿಳಿಯಬೇಕಿತ್ತು.

ಏಣೆಲು ಬೆಳೆಯ ನಾಟಿಯ ಬಳಿಕ ಬರುವುದು ಆಟಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು. ನಲಿಕೆ ಸಮುದಾಯದವರು ಆಟಿ ಕಳೆಂಜನ ವೇಷದಲ್ಲಿ ಮನೆಮನೆಗೆ ಬಂದು ಮಾರಿಯನ್ನು ಕಳೆಯುವುದೂ ಆಗಲೇ. ಕನ್ನಡದಲ್ಲಿ ‘ಕಳೆ’ ಎಂಬುದು ನಾಮಪದವಾದರೆ ಬೇಡದ ಗಿಡ, ಕ್ರಿಯಾಪದವಾದರೆ ತೆಗೆದುಹಾಕು. ಕಳೆಂಜನ ಹೆಸರನ್ನು ಇದರಿಂದಲೇ ನಿಷ್ಪನ್ನಗೊಳಿಸುವುದು ಅವಸರವಾದೀತು. ಆದರೆ ಗದ್ದೆಯ ಅನಿಷ್ಟವನ್ನೂ ಮನೆಯ ಅನಿಷ್ಟವನ್ನೂ ಒಂದೇ ಋತುವಿನಲ್ಲಿ ನೀಗಿಸುವ ಕ್ರಮ ಗಮನಾರ್ಹವಾದುದು.

ಹಾಗೆಂದು ಕಿತ್ತದ್ದೆಲ್ಲ ಅನಿಷ್ಟವಲ್ಲ. ಗದ್ದೆಯ ಹುಲ್ಲು ಹಟ್ಟಿಯ ಮೇವು. ಬಯಲುಸೀಮೆಯ ನೆಲಗಡಲೆ ಹೊಲದಲ್ಲಿ ಕಳೆಯೆನಿಸುವ ಚಗತೆ ಇಲ್ಲಿ ‘ತಜಂಕ್’ ಆಗಿ ಆಟಿಯ ಅಡುಗೆಮನೆಯನ್ನು ಸೇರುತ್ತದೆ. ಧಾನ್ಯ ಮುಗಿಯುತ್ತ ಬಂದ ತಿಂಗಳಲ್ಲಿ ಅದು ವಿಲಾಸವಲ್ಲ, ಆಸರೆ. ಅಂದರೆ ‘ಕಳೆ’ ಎಂಬುದು ಸಸ್ಯದ ಜಾತಿಯಲ್ಲ. ಸ್ಥಳ ಮತ್ತು ಕಾಲಗಳನ್ನು ನೋಡಿ ಜನಪದರು ಕೊಡುವ ತೀರ್ಪು.

1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಭೂಒಡೆಯರಾದರು. ಮುಂದಿನ ದಶಕಗಳಲ್ಲಿ ಅನೇಕ ಗದ್ದೆಗಳು ಅಡಿಕೆ ತೋಟಗಳಾದವು. ಒಡೆತನ ಬಂದದ್ದು ನ್ಯಾಯವೇ. ತೋಟದ ಆದಾಯ ಬದುಕನ್ನು ಮೇಲೆತ್ತಿದ್ದೂ ನಿಜ. ಆದರೆ ತೋಟದಲ್ಲಿ ಹುಲ್ಲು ಸವರುವ ಯಂತ್ರಕ್ಕೆ ತಜಂಕೂ ಒಂದೇ, ಊದಲೂ ಒಂದೇ. ಬೇರ್ಪಡಿಸುವ ಅಗತ್ಯ ಹೋದಲ್ಲಿ ಹೆಸರುಗಳೂ ಹೋಗುತ್ತವೆ. ಹಾಡನ್ನು ಧ್ವನಿಮುದ್ರಿಸಿಕೊಂಡ ನಮ್ಮ ಕ್ಷೇತ್ರಕಾರ್ಯ, ಹಾಡಿದವರ ಬೆರಳುಗಳಿಗೆ ಗೊತ್ತಿದ್ದುದನ್ನು ಕೇಳಲಿಲ್ಲ. ಗದ್ದೆಗಿಳಿದ ಕೊನೆಯ ತಲೆಮಾರಿನ ಹೆಂಗಸರು ಇರುವಾಗಲೇ ಈ ಕೊರತೆಯನ್ನು ತುಂಬಿಕೊಳ್ಳಬೇಕಾಗಿದೆ.