ಲಘು ಗುರುಗಳಿಂದ ಒಂದು ಮಹಾಸಂಖ್ಯೆಗೆ

170141183460469231731687303715884105727. ಇದನ್ನು ಓದಿ ಮುಗಿಸುವುದರೊಳಗೆ ನನಗೆ ಉಸಿರು ಕಟ್ಟುತ್ತದೆ. ನೂರಿಪ್ಪತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಸಿಗುವ 39 ಅಂಕಿಗಳ ಸಂಖ್ಯೆ ಇದು. ಒಂದರಿಂದಲೂ ತನ್ನಿಂದಲೂ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಅವಿಭಾಜ್ಯ. ಮರ್ಸೆನ್ ಎಂಬ ಫ್ರೆಂಚ್ ಸಂನ್ಯಾಸಿ 1644ರಲ್ಲಿಯೇ ಹಾಗೆಂದು ಬರೆದಿದ್ದನು. ಆದರೆ ಪ್ರಮಾಣ ಕೊಟ್ಟಿರಲಿಲ್ಲ. ಅವನ ಪಟ್ಟಿಯಲ್ಲಿ ತಪ್ಪುಗಳೂ ಇದ್ದವು. ಪ್ರಮಾಣ ದೊರೆತದ್ದು 1876ರಲ್ಲಿ, ಎದ್ವಾರ್ ಲ್ಯೂಕಾನ ಕೈಬರಹದ ಲೆಕ್ಕದಿಂದ.

ಭಾಜಕಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋಗಿದ್ದರೆ ಅವನ ಕೆಲಸ ಮುಗಿಯುತ್ತಿರಲಿಲ್ಲ. ಸೆಕೆಂಡಿಗೊಂದರಂತೆ ಭಾಗಿಸಿದರೂ ನೂರಾರು ಕೋಟಿ ವರ್ಷ ಬೇಕು. ಅವನು ಹಿಡಿದ ದಾರಿ ಬೇರೆ. ಆ ದಾರಿಯ ಮೊದಲ ಹೆಜ್ಜೆ ನಮ್ಮ ಛಂದಶ್ಶಾಸ್ತ್ರಕ್ಕೆ ಅಪರಿಚಿತವಲ್ಲವೆಂಬುದು ನನಗೆ ತುಂಬ ಪ್ರಿಯವಾದ ಸಂಗತಿ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎರಡು ಮಾತ್ರೆಗಳನ್ನು ಎರಡು ಬಗೆಯಲ್ಲಿ ಜೋಡಿಸಬಹುದು. ಮೂರನ್ನು ಮೂರು ಬಗೆಯಲ್ಲಿ, ನಾಲ್ಕನ್ನು ಐದು, ಐದನ್ನು ಎಂಟು ಬಗೆಯಲ್ಲಿ. ಹಿಂದಿನೆರಡನ್ನು ಕೂಡಿದರೆ ಮುಂದಿನದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಈ ನಿಯಮವನ್ನು ಹೇಳಿದ್ದಾರೆ. ಯುರೋಪಿನಲ್ಲಿ ಇದಕ್ಕೆ ಫಿಬೊನಾಚ್ಚಿಯ ಹೆಸರು ಅಂಟಿತು, ಅಂಟಿಸಿದವನು ಲ್ಯೂಕಾನೇ! ಅದೇ ಕೂಡುವ ನಿಯಮವನ್ನು 1, 3 ಎಂದು ಆರಂಭಿಸಿ ಅವನು 1, 3, 4, 7, 11, 18, 29, 47 ಎಂಬ ಶ್ರೇಣಿಯನ್ನು ಪಡೆದನು. ಇದರಲ್ಲಿ ಎರಡನೆಯ, ನಾಲ್ಕನೆಯ, ಎಂಟನೆಯ ಸ್ಥಾನಗಳನ್ನು ನೋಡಿ: 3, 7, 47. ಪ್ರತಿಯೊಂದೂ ಹಿಂದಿನದರ ವರ್ಗದಲ್ಲಿ ಎರಡು ಕಡಮೆ.

ಈಗ ಏಳು ಎರಡುಗಳ ಗುಣಲಬ್ಧದಲ್ಲಿ ಒಂದು ಕಳೆದ 127ನ್ನು ಪರೀಕ್ಷಿಸೋಣ. ಮೂರರಿಂದ ಹೊರಟು, ಪ್ರತಿ ಸಲವೂ ವರ್ಗಮಾಡಿ, ಎರಡನ್ನು ಕಳೆದು, 127ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. 3, 7, 47, 48, 16, ಆಮೇಲೆ ಸೊನ್ನೆ. ಐದು ಹೆಜ್ಜೆಗೆ ಸೊನ್ನೆ ಬಂದಿತು. 127 ಅವಿಭಾಜ್ಯವೆಂಬುದಕ್ಕೆ ಅದೇ ಸಾಕ್ಷಿ. ನಮ್ಮ ಮಹಾಸಂಖ್ಯೆಗೂ ಇದೇ ಕ್ರಮ ಸಲ್ಲುತ್ತದೆ. ಆದರೆ ಹೆಜ್ಜೆಗಳು 125. ಒಂದೊಂದರಲ್ಲೂ 39 ಅಂಕಿಗಳವರೆಗಿನ ವರ್ಗ, ಮತ್ತೆ ಭಾಗಾಕಾರ. ನಡುವೆ ಒಂದು ಅಂಕಿ ಜಾರಿದರೂ ಕೊನೆಯ ಸೊನ್ನೆ ಕಣ್ಣಿಗೆ ಬೀಳುವ ಸಂಭವವೇ ಇಲ್ಲವೆನ್ನಬೇಕು. ಸೊನ್ನೆ ಬರದಿದ್ದರೆ ತಪ್ಪಿದ್ದು ಸಂಖ್ಯೆಯೋ ತಾನೋ ಎಂಬ ಸಂಶಯ ಅವನಿಗೆ ಉಳಿದೇ ಉಳಿಯುತ್ತಿತ್ತು.

1951ರವರೆಗೆ, ಎಪ್ಪತ್ತೈದು ವರ್ಷ, ಇದಕ್ಕಿಂತ ದೊಡ್ಡ ಅವಿಭಾಜ್ಯವನ್ನು ಯಾರೂ ತೋರಿಸಲಿಲ್ಲ. 2024ರಲ್ಲಿ ಕಂಪ್ಯೂಟರುಗಳು ತೋರಿಸಿಕೊಟ್ಟ ಅವಿಭಾಜ್ಯದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಿವೆ.

ಲ್ಯೂಕಾನ ಶೋಧವನ್ನು ಕಂಡ ಕಾತಲಾನ್ ಎಂಬ ಗಣಿತಜ್ಞ ಅದೇ ವರ್ಷ ಒಂದು ಪ್ರಶ್ನೆಯನ್ನೆತ್ತಿದನು. ಎರಡು ಎರಡುಗಳನ್ನು ಗುಣಿಸಿ ಒಂದು ಕಳೆದರೆ 3, ಮೂರು ಎರಡುಗಳಿಂದ 7, ಏಳರಿಂದ 127, ನೂರಿಪ್ಪತ್ತೇಳರಿಂದ ಈ ಮಹಾಸಂಖ್ಯೆ. ಎಲ್ಲವೂ ಅವಿಭಾಜ್ಯಗಳೇ. ಹಾಗಾದರೆ ಈ ಮಹಾಸಂಖ್ಯೆಯಷ್ಟು ಎರಡುಗಳನ್ನು ಗುಣಿಸಿ ಒಂದನ್ನು ಕಳೆದರೆ? ಅದನ್ನು ಬರೆದಿಡಲು ಭೂಮಂಡಲದ ಕಾಗದ ಸಾಲದು. ಉತ್ತರ ಇನ್ನೂ ಸಿಕ್ಕಿಲ್ಲ.